ಎದುರು ಕಂಡ ಹಡಗು

ಮಾರಿಷಸ್‌ಗೆ ತಲುಪಿಸಬೇಕಿದ್ದ ಹೊಸ ಮೋಟಾರು ಕ್ಯಾಟಮರಾನ್ ದೋಣಿಯಲ್ಲಿ ಇದ್ದವರು ಇಬ್ಬರೇ, ದಾಮೋದರ ಮೆಂಡನ್ ಮತ್ತು ಅವನ ಹೆಂಡತಿ ಶಾಂಭವಿ. ಎಂಟನೆಯ ದಿನ ಬೆಳಿಗ್ಗೆ ಅವನ ಹೊಟ್ಟೆನೋವು ತಾಳಲಾರದಷ್ಟಾಯಿತು.

ಸ್ಯಾಟಲೈಟ್ ಫೋನಿನಲ್ಲಿ ಡಾಕ್ಟರು, "ಅಪೆಂಡಿಕ್ಸ್ ಇರಬೇಕು. ಎರಡು ದಿನದೊಳಗೆ ಆಪರೇಷನ್ ಆಗಲೇಬೇಕು" ಎಂದರು. ದಡ ಇನ್ನೂ ಐದು ದಿನದ ದಾರಿ. ವೇಗ ಹೆಚ್ಚಿಸಿದರೆ ಡೀಸೆಲ್ ನಡುಗಡಲಲ್ಲೇ ಮುಗಿಯುತ್ತಿತ್ತು.

ಮಧ್ಯಾಹ್ನ ರಾಡಾರಿನಲ್ಲಿ ದೊಡ್ಡ ಹಡಗೊಂದು ಕಂಡಿತು. ಶಾಂಭವಿ ರೇಡಿಯೋದಲ್ಲಿ ಎಷ್ಟು ಕೂಗಿದರೂ ಅತ್ತಲಿಂದ ಉತ್ತರ ಬರಲಿಲ್ಲ.

"ಅಷ್ಟು ದೊಡ್ಡ ಹಡಗಲ್ಲಿ ಡಾಕ್ಟ್ರು ಇದ್ದೇ ಇರ್ತಾರೆ. ಫುಲ್ ಸ್ಪೀಡಲ್ಲಿ ಹೋಗ್ತೇನೆ" ಎಂದಳು.

"ಡೀಸೆಲ್ ಮುಗಿದ್ರೆ ಎಂತ ಮಾಡ್ತಿ ಮಾರಾಯ್ತಿ?"

"ನೀವೇ ಇಲ್ಲದಿದ್ರೆ ಡೀಸೆಲ್ ಇಟ್ಕೊಂಡು ನಾನೆಂತ ಮಾಡುದು?"

ಎರಡೂ ಎಂಜಿನ್‌ಗಳನ್ನು ಪೂರ್ತಿ ವೇಗಕ್ಕೇರಿಸಿದಳು. ಇಳಿಯುತ್ತಿದ್ದ ಡೀಸೆಲ್ ಮುಳ್ಳು ಕಣ್ಣಿಗೆ ಬೀಳದಂತೆ ಅದರ ಮೇಲೊಂದು ಟವೆಲ್ ಹಾಕಿದಳು.

ಎರಡು ಗಂಟೆಯ ನಂತರ ಹಡಗು ಗುಡ್ಡದಂತೆ ಎದುರು ನಿಂತಿತ್ತು. ಕಂಬಿಯುದ್ದಕ್ಕೂ ಜನ ಸೇರಿ ಬಟ್ಟೆ ಬೀಸುತ್ತಿದ್ದರು. ಒಬ್ಬ ಅಳುತ್ತಲೂ ಇದ್ದ.

"ನೋಡಿ, ನಮ್ಮ ಕೂಗು ಅವರಿಗೆ ಕೇಳಿದೆ!" ಎಂದು ಅವಳು ಗಂಡನ ತಲೆಯೆತ್ತಿ ತೋರಿಸಿದಳು.

ಮೇಲಿನಿಂದ ಒಬ್ಬ ನಾವಿಕ ಹಿಂದಿಯಲ್ಲಿ ಕೂಗಿದ: "ಎಂಜಿನ್, ರೇಡಿಯೋ ಎರಡೂ ಕೆಟ್ಟು ಹನ್ನೊಂದು ದಿನವಾಯಿತು. ಕೊನೆಗೂ ಬಂದಿರಲ್ಲ! ಡಾಕ್ಟರನ್ನು ಕರೆತಂದಿದ್ದೀರಾ?"