ಚುಕ್ಕಿಯಿಲ್ಲದ ಹೆಸರು

ವಯಸ್ಕರ ಶಾಲೆಯಲ್ಲಿ ಎಲ್ಲರಿಗೂ ಒಂದೇ ಪಾಠ ನಡೆಯುವುದಿಲ್ಲ. ಪಾಠ ಹೇಳುವ ಅಕ್ಕೋರು ಚುರುಕಾದ ಹೆಂಗಸರಿಗೆ ಪತ್ರಿಕೆ ಓದಲು ಕೊಟ್ಟರು. ಅಕ್ಷರ ತಲೆಯಲ್ಲಿ ನಿಲ್ಲದ ಫಕೀರವ್ವನಿಗೆ ತನ್ನ ಹೆಸರೊಂದು ಬಂದರೆ ಸಾಕೆಂದು, ಪಾಟಿಯ ಮೇಲೆ ಚುಕ್ಕಿ ಇಟ್ಟು ತಿದ್ದಿಸಿದರು. ವಾರವಾರವೂ ಚುಕ್ಕಿಗಳನ್ನು ಕಡಿಮೆ ಮಾಡುತ್ತ ಬಂದರು. ಮೂರನೆಯ ತಿಂಗಳು ಒಂದೂ ಚುಕ್ಕಿಯಿಲ್ಲದೆ ಫಕೀರವ್ವ ಹೆಸರು ಬರೆದಾಗ ಇಡೀ ತರಗತಿ ಚಪ್ಪಾಳೆ ತಟ್ಟಿತು.

ಮರುವಾರ ಅವಳು ಬರಲಿಲ್ಲ. ಅಕ್ಕೋರು ಹುಡುಕಿಕೊಂಡು ಹೋದರೆ, ಅವಳ ಪಾತ್ರೆ, ಹಾಸಿಗೆ ಎಲ್ಲವೂ ಅಂಗಳದಲ್ಲಿ ಬಿದ್ದಿದ್ದವು. ಬಾಗಿಲಿಗೆ ಹೊಸ ಬೀಗವಿತ್ತು. ಫಕೀರವ್ವ ಪಾಟಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು.

"ಮೈದುನ ಪಿಂಚಣಿ ಕಾಗದ ಅಂತ ಹೇಳಿ ಕಚೇರಿಗೆ ಕರಕೊಂಡು ಹೋದನ್ರಿ. ಸಹಿ ಮಾಡಿದೆ. ಮನಿ ಅವನ ಹೆಸರಿಗೆ ಆತು."

"ಅಲ್ಲಿ ಸಾಹೇಬರು ಕಾಗದ ಓದಿ ಹೇಳಲಿಲ್ಲೇನು?"

"ಹೋದ ವರ್ಷ ಹಿಂಗ ಕರಕೊಂಡು ಹೋದಾಗ ಓದಿ ಹೇಳಿದ್ರು. ನಾ ಒಲ್ಲೆ ಅಂತ ಹೆಬ್ಬೆಟ್ಟು ಒತ್ತದ ಎದ್ದು ಬಂದಿದ್ದೆ."

"ಮತ್ತ ಈ ಸಲ?"

ಫಕೀರವ್ವ ಸೆರಗಿನಿಂದ ಪಾಟಿ ಒರೆಸಿ ಅಕ್ಕೋರಿಗೆ ವಾಪಸು ಕೊಟ್ಟಳು.

"ಓದಿ ಹೇಳೋದು ಹೆಬ್ಬೆಟ್ಟಿನವರಿಗಷ್ಟ ಅಂತ್ರಿ. ನನಗ ಸಹಿ ಬರತದಲ್ರಿ, ಅಕ್ಕೋರ."