ಮುಗಿಯದ ಸರದಿ

ಕಂಪ್ಯೂಟರ್ ತನ್ನ ಸರದಿಯನ್ನು ಮುಗಿಸುತ್ತಲೇ ಇರಲಿಲ್ಲ. ಜೋಸ್ಮಿ ತನ್ನ ದೋಣಿಯನ್ನು ಒಂದು ಮನೆ ಮುಂದಕ್ಕೆ ನಡೆಸಿ 'ಆಯಿತು' ಒತ್ತಿದಳು. ಇನ್ನು ಎದುರಾಳಿಯಾದ ಕಂಪ್ಯೂಟರ್ ತನ್ನ ದೋಣಿಗಳನ್ನು ನಡೆಸಿ ಆಟದ ಸರದಿಯನ್ನು ಅವಳಿಗೆ ಬಿಟ್ಟುಕೊಡಬೇಕು. ಬಿಟ್ಟುಕೊಡಲಿಲ್ಲ. ಪರದೆಯ ಮೇಲೆ ಮರಳು ಗಡಿಯಾರ ಸುಮ್ಮನೆ ತಿರುಗುತ್ತಿತ್ತು.

"ನೋಡಿ ಫಯಾಝಿಕ್ಕ, ಹೀಗೇ," ಎಂದು ಲ್ಯಾಪ್‌ಟಾಪನ್ನು ಕೌಂಟರಿನ ಆಚೆಗೆ ತಿರುಗಿಸಿದಳು. ಶಾಲೆ ಬಿಟ್ಟ ಕೂಡಲೇ ರಾಮಕುಂಜದಿಂದ ಬಸ್ಸು ಹಿಡಿದು ಕಡಬದ ಈ ಟೈಲ್ಸ್ ಅಂಗಡಿಗೆ ಬಂದಿದ್ದಳು. ಅವಳು ಅಣ್ಣನಂತೆ ಇಕ್ಕ ಎಂದು ಕರೆಯುವ ಅಂಗಡಿಯ ಯಜಮಾನ ಫಯಾಝ್ ಕನ್ನಡಕ ಹಣೆಗೇರಿಸಿ ಬಗ್ಗಿದರು. ಪುತ್ತೂರಿನಲ್ಲಿ ಓದುತ್ತಿದ್ದಾಗ ಅವರೂ ಗೆಳೆಯ ಕೀರ್ತನ್ನೂ ಸೇರಿ ಬರೆದ ಆಟ ಅದು. ಬರೆದದ್ದನ್ನು ಮುಚ್ಚಿಡದೆ, ಯಾರು ಬೇಕಾದರೂ ಓದಿ ತಿದ್ದಲಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದರು. ಹಾಗೆಯೂ ಮಾಡುವವರಿದ್ದಾರೆ ಎಂದು ಆಗ ಇಲ್ಲಿ ಯಾರಿಗೆ ಗೊತ್ತಿತ್ತು? ಈಗ ಎಲ್ಲೆಲ್ಲಿಯವರೋ ಅದನ್ನು ಆಡುತ್ತಾರೆ, ಬೆಳೆಸುತ್ತಾರೆ. ಹೋದ ವಾರ ಫಯಾಝ್ ಅದರ ಉಸ್ತುವಾರಿಯನ್ನು ಜೋಸ್ಮಿಗೆ ವಹಿಸಿದ್ದರು. ಹೊಸಬಳ ಕೈಗೆ ಯಾಕೆ ಎಂದು ಕೆಲವರು ಆಗಲೇ ಗೊಣಗಿದ್ದರು. ಇದು ಅವಳು ಹೊರತಂದ ಮೊದಲ ಆವೃತ್ತಿ.

"ಹಳೇದನ್ನೇ ವಾಪಸ್ ಹಾಕು."

"ಹಾಕಿದೆ. ಆದರೆ ತಪ್ಪು ಎಲ್ಲಿ ಅಂತ ಕೇಳ್ತಾರಲ್ಲ? ಗೊತ್ತಿಲ್ಲ ಅನ್ಲಿಕ್ಕೆ ಆಗ್ತದಾ? ಚಿಲಿ ದೇಶದಿಂದ ನಮ್ಮ ಕೋಡ್ ನೋಡುವ ಮತಿಯಾಸ್ ಬರೆದಿದ್ದಾನೆ, ನಾಳೆಯೊಳಗೆ ಗೊತ್ತಾಗದಿದ್ರೆ ಉಸ್ತುವಾರಿ ಬೇರೆಯವರಿಗೆ ಕೊಡಿ ಅಂತ."

"ನೀನು ಎಂತ ಮಾಡಿದ್ದು ಅದರಲ್ಲಿ?"

"ಎಂತದೂ ಇಲ್ಲ. ಸ್ಪೆಲ್ಲಿಂಗ್ ತಪ್ಪುಗಳಿದ್ದವು, ತಿದ್ದಿದೆ. ಅಷ್ಟೇ."

"ಸ್ಪೆಲ್ಲಿಂಗ್ ತಿದ್ದಿದ್ರೆ ದೋಣಿ ನಿಲ್ತದಾ ಮಾರಾಯ್ತಿ! ನಮ್ಮ ಇಂಗ್ಲಿಷು ಅಷ್ಟಕ್ಕಷ್ಟೇ, ಅದು ಹೌದು."

ಜೋಸ್ಮಿಗೆ ನಗು ಬರಲಿಲ್ಲ. ಒಂದಕ್ಷರ ತಪ್ಪಿದರೂ ಕಣ್ಣಿಗೆ ಚುಚ್ಚುವ ಅಭ್ಯಾಸ ಅವಳದು. ಹಾಗಾಗಿಯೇ ಅಲ್ಲವೇ ಇವರು ತನ್ನನ್ನು ನಂಬಿದ್ದು? ಮತ್ತೆ ಒಂದೊಂದೇ ಸಾಲು ಓದತೊಡಗಿದಳು. ಅಷ್ಟರಲ್ಲಿ ಫಯಾಝರ ಫೋನ್ ಹೊಡೆಯಿತು. ಕಾಣಿಯೂರಿನ ಗಿರಾಕಿ.

"ಉಂಟು ಮಾರಾಯ್ರೆ. ಬಿಳಿಯೂ ಉಂಟು, ಬೂದು ಬಣ್ಣದ್ದೂ ಉಂಟು. ಜಾರದ್ದಾ? ಅದೂ ಉಂಟು. ಸುಮ್ಮನೆ ಬನ್ನಿ ನೀವು."

ಜೋಸ್ಮಿಯ ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು. ಇನ್ನು ನಡೆ ಉಳಿದಿದೆಯೇ ಎಂದು ಕಂಪ್ಯೂಟರ್ ತನ್ನನ್ನೇ ಕೇಳಿಕೊಳ್ಳುವ ಸಾಲು. ಅವಳು ತಿದ್ದುವ ಮೊದಲು ಅಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರಗಳಿದ್ದವು: ಯು, ಎನ್, ಟಿ, ಯು. ಆಟದಲ್ಲಿ ಪ್ರತಿ ದೋಣಿಗೂ 'ಯೂನಿಟ್' ಎಂದು ಹೆಸರು. ಬರೆಯುವಾಗ ಅಕ್ಷರ ತಪ್ಪಿಹೋಗಿದೆ ಎಂದುಕೊಂಡು ಅವಳು ಎಲ್ಲ ಕಡೆ ತಿದ್ದಿದ್ದಳು. ದಿನಕ್ಕೆ ನೂರು ಸಲ ತಾನೇ ಆಡುವ 'ಉಂಟು', ಇಂಗ್ಲಿಷಿನ ಅಕ್ಷರ ತೊಟ್ಟು ಬಂದಾಗ ಗುರುತು ಹತ್ತಿರಲಿಲ್ಲ. ನಡೆ ಉಂಟಾ ಎಂದು ಕೇಳಿಕೊಳ್ಳಬೇಕಾದ ಕಂಪ್ಯೂಟರ್ ಈಗ ದೋಣಿ ಇದೆಯಾ ಎಂದು ಕೇಳಿಕೊಳ್ಳುತ್ತಿತ್ತು. ದೋಣಿ ಎದುರಿಗೇ ತೇಲುತ್ತಿರುವಾಗ ಅದು ಹೌದು ಹೌದು ಎನ್ನುತ್ತಾ ಸರದಿ ಮುಗಿಸದೆ ಕೂತಿತ್ತು.

"ಫಯಾಝಿಕ್ಕ, ಬೈಬಾರ್ದು," ಎಂದು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು.

ಫಯಾಝ್ ಟೈಲ್ಸಿನ ಪೆಟ್ಟಿಗೆಯ ಮೇಲೆ ಕೂತು ಕೆಮ್ಮು ಬರುವವರೆಗೆ ನಕ್ಕರು. "ಅದು ಕೀರ್ತನ್‌ನ ಕೆಲಸ! ಉಂಟಾ ಅಂತ ಕೇಳಿದ್ರೆ ಕಂಪ್ಯೂಟರು ಸುಳ್ಳು ಹೇಳುದಿಲ್ಲ ಅಂತಿದ್ದ. ನನಗೇ ಮರೆತುಹೋಗಿತ್ತು."

ಅವಳು ಹಳೆಯ ಅಕ್ಷರಗಳನ್ನು ಅವುಗಳ ಜಾಗಕ್ಕೆ ಮರಳಿಸಿದಳು. ದೋಣಿಗಳು ನಡೆದವು. ಮರಳು ಗಡಿಯಾರ ಮಾಯವಾಯಿತು. ಕೌಂಟರಿನ ಮೇಲೆ ತಣ್ಣಗಾಗಿದ್ದ ಚಹಾವನ್ನು ಜೋಸ್ಮಿ ಒಂದೇ ಗುಟುಕಿಗೆ ಕುಡಿದಳು. ಬಳಿಕ ಮತಿಯಾಸ್‌ಗೆ ಬರೆದಳು: ತಪ್ಪು ನನ್ನದೇ. ಅದು ಅಕ್ಷರದೋಷವಲ್ಲ, ನಮ್ಮ ಊರಿನ ಮಾತು, 'ಇದೆ' ಎಂದು ಅರ್ಥ. ಕಳಿಸುವ ಮೊದಲು ಎರಡು ಸಲ ಓದಿದಳು. ಕಳಿಸಿದ ಮೇಲೂ ಒಮ್ಮೆ.

ಉತ್ತರ ಬೇಗನೆ ಬಂತು. ಅವಳು ಅದನ್ನು ಕನ್ನಡದಲ್ಲಿ ಓದಿ ಹೇಳಿದಳು: "ನಿಮ್ಮ ತಿದ್ದುಪಡಿಯ ಮೇಲೆ ಸ್ಪೆಲ್ಲಿಂಗ್ ಎಂದಿತ್ತು, ನಾನೂ ತೆರೆದು ನೋಡಲಿಲ್ಲ. ತಪ್ಪು ಇಬ್ಬರದೂ. ಉಸ್ತುವಾರಿ ನಿಮ್ಮಲ್ಲೇ ಇರಲಿ. ಆದರೆ ಅದು ನಿಮ್ಮ ಊರಿನ ಮಾತೇ? ನಾನು ಈ ಆಟವನ್ನು ಓದಿಯೇ ಕೋಡ್ ಬರೆಯಲು ಕಲಿತವನು. ಅದು ಕಂಪ್ಯೂಟರಿನದೇ ಶಬ್ದ ಎಂದುಕೊಂಡಿದ್ದೆ. ನಮ್ಮ ಆಫೀಸಿನಲ್ಲಿ ಎಲ್ಲರೂ ಹಾಗೇ ಬರೆಯುತ್ತೇವೆ."

ಫಯಾಝ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಚಿಲಿಯಲ್ಲಿಯೂ ಉಂಟಾ?"