ನಾಲ್ಕು ಚಕ್ರ, ನಾಲ್ಕು ನಿಂಬೆಹಣ್ಣು

ಮುಖ ಯಾವುದು, ಬೆನ್ನು ಯಾವುದು ಎಂದೇ ತಿಳಿಯದ ಗಾಡಿಗೆ ಪೂಜೆ ಮಾಡುವುದಾದರೂ ಹೇಗೆ? ಅಮ್ಮಣ್ಣಿ ಸೇವಂತಿಗೆ ಹಾರ ಹಿಡಿದು ಗೇಟಿನ ಮುಂದೆ ನಿಂತೇ ಇದ್ದರು. ಹ್ಯಾಂಡಲ್ ಇಲ್ಲ, ಕನ್ನಡಿ ಇಲ್ಲ. ಇರುವುದು ಒಂದು ಹಲಗೆ, ಅದರಡಿ ನಾಲ್ಕು ಪುಟ್ಟ ಚಕ್ರ. ಮಗಳು ಚಿನ್ಮಯಿ ಸಂಬಳದಲ್ಲಿ ಉಳಿಸಿ ತರಿಸಿಕೊಂಡ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಅದು. ಕೊನೆಗೆ ಹಾರವನ್ನು ಹಲಗೆಯ ಮೇಲೆಯೇ ಸುರುಳಿ ಸುತ್ತಿಟ್ಟು ಕುಂಕುಮ ಹಚ್ಚಲು ಹೋದರೆ, ಉಪ್ಪುಕಾಗದದಂಥ ಮೇಲ್ಮೈಗೆ ಬೆರಳು ತರಚಿತು. ಆದರೂ ಬಿಡಲಿಲ್ಲ. ಅಮ್ಮಣ್ಣಿ ಹಿಡಿದ ಕೆಲಸವನ್ನು ನಡುವೆ ಬಿಟ್ಟಿದ್ದನ್ನು ಕಾಕ್ಸ್‌ಟೌನಿನ ಆ ಬೀದಿಯಲ್ಲಿ ಯಾರೂ ಕಂಡಿಲ್ಲ.

ಚಿನ್ಮಯಿ ಪುಲಿಕೇಶಿನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಅಷ್ಟು ಹತ್ತಿರಕ್ಕೆ ಬರುವುದಿಲ್ಲ ಎನ್ನುವ ಆಟೋದವರನ್ನು ದಿನವೂ ಗೋಗರೆದು ಗೋಗರೆದು ಸಾಕಾಗಿ ಈ ಹಲಗೆ ತರಿಸಿದ್ದಳು. ಒಂದು ತಿಂಗಳು ಕಾಂಪೌಂಡಿನೊಳಗೇ ಓಡಿಸಿ ಕಲಿತಳು, ಒಮ್ಮೆಯೂ ಬೀಳಲಿಲ್ಲ. ಇವತ್ತು ಮೊದಲ ಸಲ ರಸ್ತೆಗೆ. ಅಮ್ಮ ಹಾಕಿದ ಷರತ್ತು ಒಂದೇ: ನಿಂಬೆಹಣ್ಣಿನ ಮೇಲೆ ಹತ್ತಿಸಿಕೊಂಡೇ ಹೊರಡಬೇಕು. ನಾಲ್ಕು ಚಕ್ರದ ಮುಂದೆಯೂ ಒಂದೊಂದು ಹಣ್ಣನ್ನು ಆಗಲೇ ಇಟ್ಟಾಗಿತ್ತು.

ಮೆಟ್ಟಿಲ ಮೇಲೆ ನಿಂತಿದ್ದ ಅಪ್ಪ ಕೃಷ್ಣಸ್ವಾಮಿಯವರ ಕಣ್ಣು ಮಾತ್ರ ಚಕ್ರಗಳನ್ನು ಬಿಟ್ಟು ಕದಲಲಿಲ್ಲ. ಅವರು ವಿಮಾ ಕಂಪನಿಯಲ್ಲಿ ವಾಹನ ಅಪಘಾತಗಳ ತನಿಖೆ ಮಾಡಿಯೇ ನಿವೃತ್ತರಾದವರು. ಹಳ್ಳಕ್ಕೆ ಬಿದ್ದ ಲಾರಿಯನ್ನೋ ಹಸುವಿಗೆ ಗುದ್ದಿದ ಕಾರನ್ನೋ ಒಮ್ಮೆ ಸುತ್ತುಹಾಕಿ ನೋಡಿದರೆ ಸಾಕು, ಹೇಗಾಯಿತೆಂದು ಹೇಳಿಬಿಡುತ್ತಿದ್ದರು. ಈಗ, ಇನ್ನೂ ಆಗದ ಅಪಘಾತವೂ ಅವರಿಗೆ ಕಾಣುತ್ತಿತ್ತು. ಚಕ್ರದ ಅರ್ಧ ಎತ್ತರಕ್ಕೆ ನಿಂಬೆಹಣ್ಣೇ ನಿಂತಿತ್ತು.

“ಅಲ್ಲ ಕಣೇ, ಚಕ್ರ ಸಣ್ಣದಾಯ್ತು...” ಎಂದು ಮೆಲ್ಲನೆ ರಾಗ ಎಳೆದರು.

“ಸುಮ್ನಿರ್ರೀ. ಲಾರಿಗೇ ಇಡ್ತಾರೆ, ಇದು ಯಾವ ಲೆಕ್ಕ?”

ಕೃಷ್ಣಸ್ವಾಮಿ ಸುಮ್ಮನಾದರು. ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಸ್ಕೂಟರ್ ತಂದಾಗ ನಿಂಬೆಹಣ್ಣೂ ಬೇಡ, ಗಿಂಬೆಹಣ್ಣೂ ಬೇಡ ಎಂದು ವಿಚಾರವಂತರಂತೆ ಮಾತಾಡಿ ಹೊರಟಿದ್ದರು. ಅದೇ ವಾರ ಹಲಸೂರು ಕೆರೆಯ ತಿರುವಿನಲ್ಲಿ ಬಸ್ಸೊಂದು ಅವರನ್ನು ಸವರಿಕೊಂಡು ಹೋಯಿತು. ಅಂದಿನಿಂದ ನಿಂಬೆಹಣ್ಣಿನ ವಿಷಯ ಬಂದರೆ ಆ ಮನೆಯಲ್ಲಿ ಅವರ ಬಾಯಿಗೆ ಬೀಗ.

ಚಿನ್ಮಯಿ ಅಪ್ಪನ ಮುಖ ನೋಡಿದಳು. ಅಪ್ಪ ಎದುರುಮನೆಯ ತೆಂಗಿನ ಮರ ನೋಡಿದರು. ಅವಳು ಹೆಲ್ಮೆಟ್ ಬಿಗಿದು, ಹಲಗೆ ಹತ್ತಿ, ಕೈಯಲ್ಲಿದ್ದ ರಿಮೋಟ್ ಒತ್ತಿದಳು. ಹಲಗೆ ಗೊರಗೊರ ಎಂದಿತೇ ಹೊರತು ಕದಲಲಿಲ್ಲ. ಇನ್ನಷ್ಟು ಒತ್ತಿದಳು. ಒಂದು ಹಣ್ಣು ಪಚಕ್ಕನೆ ಒಡೆಯಿತು, ಪಕ್ಕದ್ದು ಒಡೆಯಲಿಲ್ಲ. ಹಲಗೆ ಅಡ್ಡಡ್ಡ ತಿರುಗಿ ನಿಂತಿತು, ಚಿನ್ಮಯಿಯೊಬ್ಬಳೇ ರಸ್ತೆಗೆ ಹೋದಳು. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು. ಬಲಗಾಲಿನ ಹರಡಿನ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರೆ ಅಮ್ಮಣ್ಣಿಯೇ ಮುಂದೆ ಬಂದರು. “ತಲೆಗೆ ಬಂದದ್ದು ರುಮಾಲಿಗೆ ಹೋಯ್ತು ಡಾಕ್ಟ್ರೇ. ನಿಂಬೆಹಣ್ಣು ಇಟ್ಟಿದ್ದೆ, ಅದಕ್ಕೇ ಕಾಲಲ್ಲೇ ಕಳೀತು.” ಡಾಕ್ಟರು ತಲೆಬುಡ ತಿಳಿಯದೆ ಕೃಷ್ಣಸ್ವಾಮಿಯವರ ಕಡೆ ತಿರುಗಿದರು. ಊರಿನ ಅಪಘಾತಗಳಿಗೆಲ್ಲ ಕಾರಣ ಹುಡುಕಿಕೊಟ್ಟ ಆ ಮನುಷ್ಯ, ಜಾರಿ ಬಿದ್ದಳು ಎಂದಷ್ಟೇ ಹೇಳಿದರು. ಸಂಜೆ ಪಕ್ಕದ ಮನೆಯ ಶಕೀಲಾ ಮೂಸಂಬಿ ಹಿಡಿದು ಬಂದು, ಯಾರದೋ ನಜರ್ ತಾಗಿದೆ ಎಂದು ಅಮ್ಮಣ್ಣಿಯ ಕೈ ಹಿಡಿದು ಕಣ್ಣೊರೆಸಿಕೊಂಡರು. ಅಲ್ಲಿಗೆ ನಿಂಬೆಹಣ್ಣು ನಿರ್ದೋಷಿಯಾಯಿತು.

ಅಮ್ಮಣ್ಣಿ ಊಟ ತರಲು ಮನೆಗೆ ಹೋದಾಗ ಅಪ್ಪ ಮಗಳು ಇಬ್ಬರೇ ಉಳಿದರು.

“ಅಪ್ಪ, ನೀವಾದ್ರೂ ಹೇಳ್ಬಹುದಿತ್ತು.”

“ಹೇಳಿದ್ನಲ್ಲಮ್ಮ.”

“ಮೆತ್ತಗೆ ಹೇಳಿದ್ರಿ.”

ಕೃಷ್ಣಸ್ವಾಮಿಯವರಿಗೆ ನಾಚಿಕೆಯಾಯಿತು. ಹೆಂಡತಿಯ ಬಾಯಿಗೆ ಹೆದರಿ ಮಗಳ ಕಾಲು ಮುರಿಸಿದೆನಲ್ಲ ಎಂದುಕೊಂಡರು. ಪ್ಲಾಸ್ಟರಿನ ಮೇಲೆ ಕೈಯಿಟ್ಟು, ಇನ್ನೊಂದು ಸಲ ಹೀಗಾಗುವುದಕ್ಕೆ ಬಿಡುವುದಿಲ್ಲ, ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟರು.

ಮನೆಗೆ ಕಳಿಸುವ ದಿನ ಬಂತು. ಕಾಲು ಊರುವಂತಿರಲಿಲ್ಲವಾದ್ದರಿಂದ ಗಾಲಿಕುರ್ಚಿಯೊಂದನ್ನು ಬಾಡಿಗೆಗೆ ತಂದರು. ಟ್ಯಾಕ್ಸಿ ಇಳಿದು, ಕುರ್ಚಿ ಬಿಡಿಸಿ, ಮಗಳನ್ನು ಕೂರಿಸಿ ಕೃಷ್ಣಸ್ವಾಮಿ ತಾವೇ ಗೇಟಿನವರೆಗೆ ತಳ್ಳಿಕೊಂಡು ಬಂದರು. ಅಮ್ಮಣ್ಣಿ ಆಗಲೇ ತಟ್ಟೆ ಹಿಡಿದು ಕಾಯುತ್ತಿದ್ದರು. ಆರತಿ ಎತ್ತಿದರು. ಮಗಳ ಕೆನ್ನೆ ಸವರಿ ಅತ್ತರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬಗ್ಗಿ, ಕುರ್ಚಿಯ ನಾಲ್ಕು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟರು.

“ಹೋದ್ಸಲದ್ದು ಚಿಕ್ಕದಾಗೋಯ್ತು ಕಣೇ. ಅದಕ್ಕೇ ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿಗೇ ಹೋಗಿ ದಪ್ಪದ್ದು ಆರಿಸ್ಕೊಂಡು ಬಂದೆ.”

ಚಿನ್ಮಯಿ ಹಿಂತಿರುಗಿ ಅಪ್ಪನನ್ನು ನೋಡಿದಳು. ಕೃಷ್ಣಸ್ವಾಮಿ ನಿಂಬೆಹಣ್ಣುಗಳನ್ನು ನೋಡಿದರು, ಹೆಂಡತಿಯ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡರು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆಯೇ ಹೇಳಿದರು:

“ಚಿನ್ನು, ಗಟ್ಟಿಯಾಗಿ ಹಿಡ್ಕೊಳಮ್ಮ.”